ತಣ್ಣಗಿದ್ದ ಪೈಪು

“ಏಳನೇ ಇಯತ್ತಾ ಸಾಲಿ ಅರ್ಧಕ್ಕ ಬಿಟ್ಟು ಎಣ್ಣಿ ಒರಸಾಕ ಹೋದ ಮಗ ಇಂವ! ನಮ್ಮಪ್ಪ ಎಲ್ಲಿ ಹೋದಾ ಅಂತ ಇಂವ ಹೇಳಬೇಕಾ? ಮೇಡಂ, ನಿಮ್ಮ ಪೊಲೀಸ್ ಖಾತೇದಾಗ ಓದಿದ ಮಂದಿ ತೀರಿಹೋದ್ರೇನು?”

ನಿತಿನ ಈ ಮಾತನ್ನು ಮರೆಯಲ್ಲಿ ಆಡಲಿಲ್ಲ. ಮೆಕ್ಯಾನಿಕ್ ಗುರುಸಿದ್ಧನ ಶೆಡ್ಡಿನ ನಟ್ಟನಡುವೆ, ಅವನದೇ ತಗಡಿನ ನೆರಳಲ್ಲಿ ನಿಂತು ಆಡಿದ. ಕೇಳಲು ಮಂದಿಯೂ ಇದ್ದರು. ಕಬ್ಬಿನ ಲಾರಿಯ ಇಬ್ಬರು ಡ್ರೈವರುಗಳು, ಕಾನ್‌ಸ್ಟೇಬಲ್ ಆಕಾಶ, ಎದುರಿನ ಚಹಾ ಅಂಗಡಿಯ ಹಣಮವ್ವ. ಡ್ರೈವರುಗಳಲ್ಲೊಬ್ಬ ಕಿಸಕ್ಕೆಂದ.

ಗುರುಸಿದ್ಧನ ಕೈಯಲ್ಲಿ ಹದಿಮೂರರ ಪಾನಾ ಇತ್ತು. ಬೇರೆ ದಿನವಾಗಿದ್ದರೆ ಅದು ನಟ್ಟು ಬಿಟ್ಟು ನಿತಿನನ ಇಸ್ತ್ರಿ ಅಂಗಿಯ ಗುಂಡಿಗಳನ್ನೇ ಬಿಚ್ಚುತ್ತಿತ್ತು. ಅಕ್ಕಲಕೋಟದ ಬಸ್ ನಿಲ್ದಾಣದ ಸುತ್ತಮುತ್ತ ಅವನ ಸಿಟ್ಟು ಗೊತ್ತಿಲ್ಲದವರಿಲ್ಲ. ಇವತ್ತು ಮಾತ್ರ ಅವನು ತಲೆ ತಗ್ಗಿಸಿ ಬಾನೆಟ್ ಎತ್ತಿದ. ಬೈಸಿಕೊಳ್ಳಲು ತನಗೆ ಬೇರೆಯದೇ ಕಾರಣವಿದೆ, ಅದು ಈ ಶೇಠನಿಗೆ ಗೊತ್ತಿಲ್ಲ ಅಷ್ಟೇ ಎಂದು ಒಳಗಿನಿಂದ ಯಾರೋ ಚುಚ್ಚುತ್ತಿದ್ದರು.

“ಓದಿದವರು ಇಬ್ಬರು ಬಂದು ನೋಡ್ಯಾರ, ನಿತಿನ ಶೇಠ,” ಎಂದಳು ಸಬ್ ಇನ್‌ಸ್ಪೆಕ್ಟರ್ ಸೋನಾಲಿ. “‘ಎಂಜಿನ್ ಹೀಟ್ ಆಗ್ಯದ’ ಅಂತ ಬರದು ಸಹಿ ಹಾಕಿ ಹೋದ್ರು. ಅಷ್ಟು ನನಗೂ ಗೊತ್ತದ. ಯಾಕ ಆತು ಅನ್ನಾಂವ ಬೇಕು. ಹೋದ ವರ್ಷ ಕಳುವಾದ ಟ್ರ್ಯಾಕ್ಟರ್ ಎಂಜಿನ್ ಬರೇ ಸಪ್ಪಳ ಕೇಳಿ ಹಿಡಿದುಕೊಟ್ಟಾಂವ ಇಂವ.”

ಶೆಡ್ಡಿನ ಮುಂದೆ ನಿಂತಿದ್ದುದು ಒಂದು ಮೋಟಾರ್‌ಹೋಮ್. ಮಿನಿಬಸ್ಸಿನ ಮೈಯೊಳಗೆ ಎರಡು ಹಾಸಿಗೆ, ಒಂದು ಒಲೆ, ಮೂಲೆಯಲ್ಲಿ ದೇವರ ಗೂಡು. ಊರಿನವರು ಅದನ್ನು ಮನಿಗಾಡಿ ಅನ್ನುತ್ತಿದ್ದರು. ನಿತಿನನ ಅಪ್ಪ, ಸೊಲ್ಲಾಪುರದ ಚಾದರ ವ್ಯಾಪಾರಿ ಸಾತಲಿಂಗಪ್ಪ, ಮೊನ್ನೆ ಇದರಲ್ಲೇ ಅಕ್ಕಲಕೋಟದ ದರ್ಶನಕ್ಕೆ ಹೊರಟವರು. ಬೋರಾಮಣಿ ದಾಟಿದ ಮೇಲೆ ಹುಲ್ಲುಗಾವಲಿನ ನಡುವೆ ಎಂಜಿನ್ ಕುದಿದು ನಿಂತಿತು. ಡ್ರೈವರ್ ತುಕಾರಾಮ ನೀರು ತರಲು ಹೋಗಿ ಮುಕ್ಕಾಲು ತಾಸಿಗೆ ತಿರುಗಿ ಬಂದಾಗ ಮುದುಕರು ಇರಲಿಲ್ಲ. ಅವರ ಚಪ್ಪಲಿ ಇದ್ದವು, ಎದೆನೋವಿನ ಗುಳಿಗೆಯ ಡಬ್ಬಿ ಇತ್ತು.

ಸೋನಾಲಿ ಗಡಿಯಾರ ನೋಡಿಕೊಂಡಳು. “ನಾಕಕ್ಕ ತುಕಾರಾಮನ್ನ ಕೋರ್ಟಿಗೆ ನಿಲ್ಲಸಬೇಕು. ಎಂಜಿನ್ ತಾನಾಗೇ ಕೆಟ್ಟದ ಅಂದ್ರ ಅಂವಾ ಸಾಕ್ಷಿ, ಮನಿಗೆ ಹೋಗ್ತಾನ. ಯಾರೋ ಬೇಕಂತ ಕೆಡಿಸ್ಯಾರ ಅಂದ್ರ ಅಂವಾ ಆರೋಪಿ. ಮಧ್ಯಾಹ್ನದೊಳಗ ಖಾತ್ರಿ, ನಕ್ಕಿ ಮಾತು ಬೇಕು ನನಗ.”

“ಇನ್ನೇನು ನಕ್ಕಿ?” ನಿತಿನ ನಡುವೆ ಬಾಯಿ ಹಾಕಿದ. “ನೆಟ್ಟಗ ಬರೂ ದಾರಿ ಬಿಟ್ಟು ಬೋರಾಮಣಿ ಸುತ್ತಿ ಚಪಳಗಾಂವದ ಕಡೆ ಯಾಕ ಹೊಳ್ಳಿಸಿದ? ಚಪಳಗಾಂವ ಅವನ ಊರು!”

ಗುರುಸಿದ್ಧ ರೇಡಿಯೇಟರಿನ ಮುಚ್ಚಳ ತೆಗೆದು ಒಳಗೆ ಬೆರಳು ಅದ್ದಿದ. ನೀರು ಎರಡು ಬೆರಳು ಕೆಳಗಿತ್ತು. ಅವನು ಯಾರ ಮುಖವನ್ನೂ ನೋಡಲಿಲ್ಲ.

ಯಾಕೆಂದರೆ ಈ ಬಾನೆಟ್ಟನ್ನು ಅವನು ಎತ್ತುತ್ತಿದ್ದುದು ಮೊದಲ ಸಲವಲ್ಲ.

ಹತ್ತು ದಿನದ ಹಿಂದೆ ತುಕಾರಾಮ ಇದೇ ಗಾಡಿಯನ್ನು ಕದ್ದುಮುಚ್ಚಿ ತಂದಿದ್ದ. “ತಮ್ಮಾ, ಏರಿನ್ಯಾಗ ಬಿಸಿ ತೋರಸೂ ಕಾಟಾ ಮ್ಯಾಲ ಹೊಂಟೈತಿ. ಕಂಪನಿ ವರ್ಕ್‌ಶಾಪ್ ಬಿಟ್ಟು ಬ್ಯಾರೆಯವರ ಕೈ ಹಚ್ಚಿಸಿದ್ರ ಸಾವಕಾರ್ರು ನನ್ನ ಕೆಲಸಾನ ತಗೀತಾರ. ನೀ ಸ್ವಲ್ಪ ನೋಡಿಬಿಡು, ಯಾರಿಗೂ ಹೇಳಬ್ಯಾಡ.”

ಗುರುಸಿದ್ಧ ನೋಡಿದ್ದು ಹತ್ತೇ ನಿಮಿಷ. ಎಂಜಿನ್ನಿನ ಬಾಯಲ್ಲಿ ಒಂದು ಪುಟ್ಟ ವಾಲ್ವ್ ಇರುತ್ತದೆ. ನೀರು ಕಾಯುವ ತನಕ ಮುಚ್ಚಿಕೊಂಡಿದ್ದು, ಕಾದ ಮೇಲೆ ಬಾಯಿ ತೆರೆದು ನೀರನ್ನು ರೇಡಿಯೇಟರಿಗೆ ಬಿಡುತ್ತದೆ. ನಮ್ಮ ಕಡೆಯ ಶೆಡ್ಡುಗಳಲ್ಲಿ ಅದಕ್ಕೆ ಮರ್ಯಾದೆಯಿಲ್ಲ. ಗಾಡಿ ಬಿಸಿಯಾಯಿತೋ, ಮೊದಲು ಅದನ್ನು ಕಿತ್ತು ಬಿಸಾಡುವುದು. ‘ಚಳಿ ದೇಶದವರ ಸಾಮಾನು ಅದು, ನಮ್ಮ ಬಿಸಲಿಗೆ ಯಾಕ ಬೇಕೋ’ ಎನ್ನುವುದು ಉಸ್ತಾದರಿಂದ ಶಿಷ್ಯರಿಗೆ ಇಳಿದು ಬಂದ ಮಾತು. ಗುರುಸಿದ್ಧ ಕಿತ್ತ. ಕಾಟಾ ಇಳಿಯಿತು. ತುಕಾರಾಮ ಅವನ ಬೆನ್ನು ತಟ್ಟಿ ಹೋದ.

ಐದು ದಿನ ಬಿಟ್ಟು ಕಂಪನಿ ವರ್ಕ್‌ಶಾಪಿನ ಅಮೋಲ್ ಬಸ್ ನಿಲ್ದಾಣದಲ್ಲಿ ಶೆಡ್ಡಿನವರ ಈ ಚಾಳಿ ನೆನೆದು ಹತ್ತು ಮಂದಿಯ ಮುಂದೆ ನಕ್ಕಿದ್ದ: “ಈ ಹೊಸ ನಮೂನಿ ಎಂಜಿನ್ನಿನ ವಾಲ್ವ್ ತಗದ್ರ ನೀರು ಒಳಗಿಂದೊಳಗ ಗಿರಕಿ ಹೊಡೀತದ, ರೇಡಿಯೇಟರಿಗೆ ಅರ್ಧಾನೂ ಬರಂಗಿಲ್ಲ. ಉದ್ದ ದಾರಿಗೆ ಹೋದ್ರ ಕುದ್ದು ನಿಲ್ಲತದ. ನಿಮ್ಮ ಉಸ್ತಾದನ ಕಾಲದ್ದಲ್ಲೋ ಇದು!” ಗುರುಸಿದ್ಧ ಅವನ ಕಾಲರ್ ಹಿಡಿದಿದ್ದ. ಮಂದಿ ಬಿಡಿಸಿದರು.

ಅಮೋಲ್ ಹೇಳಿದ್ದು ಖರೆ ಎಂದು ಆ ಸಂಜೆಯೇ ತಿಳಿದಿತ್ತು. ಫೋನು ಕಿಸೆಯಲ್ಲಿತ್ತು, ತುಕಾರಾಮನ ನಂಬರು ಫೋನಿನಲ್ಲಿತ್ತು. ‘ಮಾಮಾ, ಗಾಡಿ ತಗೊಂಡು ಬಾ’ ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಅಂದರೆ ಅಮೋಲ್ ಗೆದ್ದಂತೆ.

ಈಗ ತುಕಾರಾಮ ಲಾಕಪ್ಪಿನಲ್ಲಿದ್ದ.

ಬೆಲ್ಟು ಬಿಗಿಯಾಗಿಯೇ ಇತ್ತು. ಎಣ್ಣೆಕಡ್ಡಿ ಎಳೆದು ನೋಡಿದ. ಎಂಜಿನ್ ಎಣ್ಣೆಗೆ ನೀರು ಬೆರೆತರೆ ಅದು ಹಾಲು ಹಾಕಿದ ಚಹಾದಂತೆ ಕಾಣುತ್ತದೆ. ಇದು ಕಪ್ಪಗೆ, ಶುದ್ಧವಾಗಿತ್ತು. ಹೆಡ್ಡಿಗೆ ಪೆಟ್ಟಾಗಿಲ್ಲ. ನಲ್ಲಿಯ ಪೈಪು ಹಿಡಿದು ರೇಡಿಯೇಟರಿನ ಹಿಂದಿನಿಂದ ನೀರು ಹೊಡೆದ. ಮುಂದಿನ ಜಾಳಿಗೆಯಿಂದ ಜೋಳದ ಹೊಟ್ಟು, ಒಣಹುಲ್ಲಿನ ಬೀಜ ಬೊಗಸೆಗಟ್ಟಲೆ ಉದುರಿತು. ಗಾಳಿ ಆಡಲು ಜಾಗವೇ ಇರಲಿಲ್ಲ.

ಹತ್ತು ದಿನದ ಹಿಂದಿನ ಖರೆ ರೋಗ ಇದೇ. ಅರ್ಧ ತಾಸು ನೀರು ಹೊಡೆದಿದ್ದರೆ ಮುಗಿಯುತ್ತಿತ್ತು. ಅವನು ಬಗ್ಗಿ ನೋಡಿರಲಿಲ್ಲ. ವಾಲ್ವ್ ಕಿತ್ತು ಶಹಾಣ್ಯಾ ಅನ್ನಿಸಿಕೊಂಡಿದ್ದ.

“ಆಗತೇತೇನಪ್ಪಾ ತಮ್ಮಾ?”

ಬೆನ್ನ ಹಿಂದೆ ದನಿ ಕೇಳಿ ಅವನ ಕೈಯಿಂದ ಪೈಪು ಜಾರಿತು. ತುಕಾರಾಮನ ಹೆಂಡತಿ ಗಂಗುಬಾಯಿ. ರೊಟ್ಟಿಯ ಗಂಟು ಕಂಕುಳಲ್ಲಿ, ಹಣೆಯ ಮೇಲೆ ಬೀರೋಬಾ ದೇವರ ಅರಿಶಿನ ಭಂಡಾರ. ಚಪಳಗಾಂವದಿಂದ ಮೊದಲ ಬಸ್ಸಿಗೆ ಬಂದಿದ್ದಳು.

“ಠಾಣೇದಾಗ ಒಂದಕ್ಕ ಬಾ ಅಂದ್ರು. ಇಲ್ಲೇ ಕುಂಡರ್ತೀನಿ,” ಎಂದು ಹಳೆಯ ಟೈರಿನ ಮೇಲೆ ಕುಳಿತಳು. ನಿತಿನನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. “ನಿನ್ನೆ ರಾತ್ರಿ ಫೋನಿನ್ಯಾಗ ಎರಡು ಮಾತು ಆಡಾಕ ಬಿಟ್ಟಿದ್ರು. ‘ಗಾಡಿ ಯಾರ ಕೈಯಾಗರ ಕೊಟ್ಟಿದ್ದಿಯೇನು’ ಅಂತ ಕೇಳಿದ್ರಂತ. ನಿಮ್ಮ ಮಾಮಾ ಇಲ್ಲ ಅಂದಾನ. ‘ಆ ಹುಡುಗ ಈಗ ಶೆಡ್ ಹಾಕ್ಯಾನ, ಅವನ ಹೊಟ್ಟಿ ಮ್ಯಾಲ ಹೊಡೀಬಾರದು’ ಅಂದ.”

ಗುರುಸಿದ್ಧ ಬಿದ್ದ ಪೈಪನ್ನು ಬದಿಗೆ ಸರಿಸಿದ. “ಮಾಮಿ, ಮತ್ತ ಆ ದಾರಿ ಯಾಕ ಹಿಡದಾ ಮಾಮಾ?”

“ಸಾವಕಾರ್ರೇ ಹೊಳ್ಳಸು ಅಂದ್ರಂತ. ಯಾಕ ಅಂತ ಹೇಳಲಿಲ್ಲಂತ. ನಮ್ಮ ಮಾತು ಯಾರು ನಂಬ್ತಾರ?” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ನೀ ಖರೇ ಹೇಳಾಂವ ಇದ್ದಿ. ನಾ ಅದಕ್ಕ ಬಂದೀನಿ.”

ಕಪಾಳಕ್ಕೆ ಹೊಡೆದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಅವನು ನೀರು ತುಂಬಿ, ಕೀಲಿ ತಿರುಗಿಸಿದ. ಎಂಜಿನ್ ಹೊಡೆದುಕೊಂಡಿತು. ಐದು ನಿಮಿಷಕ್ಕೆ ಕಾಟಾ ನಡುಮಟ್ಟಕ್ಕೆ ಬಂತು, ಎಂಟಕ್ಕೆ ಕೆಂಪಿನ ಅಂಚು ಮುಟ್ಟಿತು. ನಿಂತಲ್ಲೇ, ಏರಿಲ್ಲ, ಭಾರವಿಲ್ಲ. ಇಷ್ಟು ಬೇಗ ಯಾಕೆ? ಎಂಜಿನ್ನಿನಿಂದ ರೇಡಿಯೇಟರಿಗೆ ಹೋಗುವ ಮೇಲಿನ ಪೈಪನ್ನು ಕೈಯಲ್ಲಿ ಹಿಡಿದ.

ತಣ್ಣಗಿತ್ತು.

ಇನ್ನೊಮ್ಮೆ ಹಿಡಿದ. ಬೆಳಗಿನ ಕೊಡದ ನೀರಿನ ಹಾಗೆ ತಣ್ಣಗಿತ್ತು. ಎಂಜಿನ್ನಿನೊಳಗೆ ನೀರು ಕೊತಕೊತ ಕುದಿಯುತ್ತಿದೆ, ಒಂದು ಗೇಣು ದೂರದ ಪೈಪು ತಣ್ಣಗಿದೆ. ವಾಲ್ವ್ ಇಲ್ಲದ ಎಂಜಿನ್ನಿನಲ್ಲಿ ಅರ್ಧವಾದರೂ ಬಿಸಿನೀರು ಈ ಪೈಪಿಗೆ ಬರಲೇಬೇಕು. ತಡೆಯಲು ಅಲ್ಲಿ ಏನೂ ಇಲ್ಲವಲ್ಲ. ಇದ್ದುದನ್ನು ತನ್ನ ಕೈಯಾರೆ ಕಿತ್ತಿದ್ದನಲ್ಲ.

ಎಂಜಿನ್ ಬಂದ್ ಮಾಡಿದ. ಆರಲು ಬಿಟ್ಟು, ಪೈಪು ಕಳಚಿ, ವಾಲ್ವ್ ಕೂರುವ ಬಾಯಿಯ ಮುಚ್ಚಳದ ಎರಡು ಬೋಲ್ಟು ಬಿಚ್ಚಿದ.

ವಾಲ್ವ್ ಇತ್ತು.

ಹಳೆಯದು, ಹಸಿರು ಕಿಲುಬು ಹಿಡಿದದ್ದು. ತಾನು ಕಿತ್ತದ್ದಂತೂ ಅಲ್ಲ. ಅದು ಶೆಡ್ಡಿನ ಗೋಡೆಯ ಮೇಲಿನ ಡಾಲ್ಡಾ ಡಬ್ಬಿಯಲ್ಲಿ ಈಗಲೂ ಬಿದ್ದಿತ್ತು. ಹತ್ತು ದಿನದೊಳಗೆ ಬೇರೆ ಯಾರೋ ಈ ಬಾಯಿ ಬಿಚ್ಚಿ, ಇದನ್ನು ಇಟ್ಟು ಮುಚ್ಚಿದ್ದರು.

ಎದೆಯ ಮೇಲಿನ ಕಲ್ಲು ಒಮ್ಮೆಲೇ ಉರುಳಿದಂತಾಯಿತು. ಕುದಿಸಿದ್ದು ನನ್ನ ತಪ್ಪಲ್ಲ! ಆ ಖುಷಿಗೆ ಅವನಿಗೇ ಅಸಹ್ಯವಾಯಿತು. ಒಬ್ಬ ಮುದುಕ ಗುಳಿಗೆಯಿಲ್ಲದೆ ಎಲ್ಲಿದ್ದಾನೋ, ಒಬ್ಬ ಮಾಮಾ ಲಾಕಪ್ಪಿನಲ್ಲಿ ಕೂತಿದ್ದಾನೆ, ನಿನಗೆ ಹಗುರಾಯಿತೇ?

ಆಗ ಪ್ಯಾಕಿಂಗ್ ಕಣ್ಣಿಗೆ ಬಿತ್ತು.

ಮುಚ್ಚಳಕ್ಕೂ ಎಂಜಿನ್ನಿಗೂ ನಡುವೆ ನೀರು ಸೋರದಂತೆ ಕೂರಿಸುವ ದಪ್ಪ ಕಾಗದದ ಬಳೆ ಅದು. ಅಂಗಡಿಯದಲ್ಲ. ರಟ್ಟನ್ನು ಲೋಹದ ಅಂಚಿನ ಮೇಲಿಟ್ಟು ಸುತ್ತಿಗೆಯಿಂದ ಸಣ್ಣಗೆ ತಟ್ಟಿ ತಟ್ಟಿ ಕತ್ತರಿಸಿದ್ದು. ರಟ್ಟಿನ ಒಂದು ಮಗ್ಗುಲಲ್ಲಿ ನೀಲಿ ಅಕ್ಷರ ಅರ್ಧ ಉಳಿದಿದ್ದವು. ಮಡಚಿದ ಚಾದರದೊಳಗೆ ಇಡುವ ರಟ್ಟು.

ಅವನ ಕಣ್ಣು ಅಕ್ಷರದ ಮೇಲೆ ನಿಲ್ಲಲಿಲ್ಲ. ಬಳೆಯ ಎಡ ಅಂಚಿಗೆ ಕಿರುಬೆರಳ ಉಗುರಿನಷ್ಟು ಒಂದು ಬಾಲ ಇತ್ತು.

ಹದಿಮೂರನೆಯ ವಯಸ್ಸಿಗೆ ಸಾಲಿ ಬಿಟ್ಟು ಸೊಲ್ಲಾಪುರದ ಬೀದಿಯಲ್ಲಿ ನಿಂತವನನ್ನು ಕರೆದು ಅನ್ನ ಹಾಕಿದವರು ಈಗಲೂ ಅಲ್ಲೇ ರಿಪೇರಿ ಅಂಗಡಿ ಇಟ್ಟಿರುವ ಉಸ್ತಾದ ನಾಗಣ್ಣ. ತಮ್ಮ ಡಬ್ಬಿಯ ಅರ್ಧ ರೊಟ್ಟಿ ಏಳು ವರ್ಷ ಅವನಿಗೆ ಕೊಟ್ಟವರು. ಪ್ಯಾಕಿಂಗ್ ಕತ್ತರಿಸಲು ಕಲಿಸುವಾಗ ಮೊದಲ ದಿನವೇ ಹೇಳಿದ್ದರು: “ಒಂದು ಬಾಲ ಬಿಡೋ. ನಾಳೆ ಇದನ್ನ ಬಿಚ್ಚಾಂವನೂ ನಮ್ಮಂಥಾ ಕೆಲಸಗಾರನ. ಅವನ ಬೆರಳಿಗೆ ಹಿಡಕಿ ಬೇಕು.” ಸೊಲ್ಲಾಪುರ, ಅಕ್ಕಲಕೋಟದ ನಡುವೆ ಹೀಗೆ ಬಾಲ ಬಿಡುವವರು ಇಬ್ಬರೇ. ಗುರುಸಿದ್ಧ ಬಲಕ್ಕೆ ಬಿಡುತ್ತಾನೆ. ಉಸ್ತಾದ ಎಡಗೈಯವರು. ಎಡಕ್ಕೆ ಬಿಡುತ್ತಾರೆ.

ಯೋಚನೆ ಬರುವ ಮೊದಲೇ ಉಗುರು ಕೆಲಸ ಮಾಡಿತ್ತು. ಬಾಲ ಹರಿದು ಬಂತು, ಅಂಗಿಯ ಕಿಸೆ ಸೇರಿತು. ಉಳಿದ ಬಳೆಯನ್ನೂ ವಾಲ್ವನ್ನೂ ತಟ್ಟೆಯಲ್ಲಿಟ್ಟುಕೊಂಡು ಅವನು ಸೋನಾಲಿಯ ಮುಂದೆ ಬಂದ.

“ಆಯಿ, ಒಂದು ಪಾತೇಲಿ ನೀರು ಕಾಸು,” ಎಂದ ಹಣಮವ್ವನ ಕಡೆ ತಿರುಗಿ.

“ನನ್ನ ಚಹಾದ ಪಾತೇಲಿದಾಗ ಆ ಹೊಲಸ ಹಾಕ್ತಿಯೇನೋ ಮೂಳಾ?” ಹಣಮವ್ವ ಬೈಯುತ್ತಲೇ ಸ್ಟೋ ಏರಿಸಿದಳು. “ನಾಳಿಂದ ನಿನಗ ಡೀಸೆಲ್ಲಿನ ಚಹಾನೇ ಕೊಡ್ತೀನಿ.”

ನೀರು ಮರಳಿತು. ಗುರುಸಿದ್ಧ ವಾಲ್ವನ್ನು ತಂತಿಗೆ ಕಟ್ಟಿ ಇಳಿಬಿಟ್ಟ. ಎಲ್ಲರೂ ಬಗ್ಗಿ ನೋಡಿದರು. ಒಂದು ನಿಮಿಷ, ಐದು, ಹತ್ತು. ವಾಲ್ವ್ ಬಾಯಿ ತೆರೆಯಲಿಲ್ಲ.

“ಸತ್ತದ,” ಎಂದ ಗುರುಸಿದ್ಧ. “ಇದು ಬಾಯಿ ತಗೀಲಿಲ್ಲ, ಬಿಸಿನೀರು ರೇಡಿಯೇಟರಿಗೆ ಹೋಗಲಿಲ್ಲ, ಕುದ್ದು ನಿಂತದ.”

ಸೋನಾಲಿ ಉಸಿರು ಬಿಟ್ಟಳು. “ಅಂದ್ರ ತಾನಾಗೇ ಕೆಟ್ಟದ?”

ಹೌದು ಅಂದರೆ ಮುಗಿದುಹೋಗುತ್ತಿತ್ತು. ತುಕಾರಾಮ ಸಂಜೆಗೆ ಮನೆಯಲ್ಲಿ. ಉಸ್ತಾದ ತಮ್ಮ ಅಂಗಡಿಯಲ್ಲಿ. ತಾನು ತನ್ನ ಶೆಡ್ಡಿನಲ್ಲಿ. ಹುಲ್ಲುಗಾವಲಿನಲ್ಲಿ ಮಾಯವಾದ ಮುದುಕನ ಜಾಡು ಮಾತ್ರ ಅಲ್ಲಿಗೇ ಸತ್ತಂತೆ. ಗುರುಸಿದ್ಧ ತಂತಿ ಎತ್ತಿ ಸತ್ತ ವಾಲ್ವನ್ನು ತಟ್ಟೆಗೆ ಹಾಕಿದ.

“ತಾನಾಗೇ ಹೆಂಗ ಕೆಡತದ?” ನಿತಿನ ಮೊಬೈಲು ತೆಗೆದು ಮುಂದೆ ಚಾಚಿದ. “ಎರಡು ತಿಂಗಳ ಹಿಂದ ಕಂಪನಿ ವರ್ಕ್‌ಶಾಪಿನ್ಯಾಗ ಹೊಸಾ ವಾಲ್ವ್ ಕೂಡಸ್ಯಾರ. ಬಿಲ್ ನೋಡ್ರಿ. ಇದು ಹತ್ತು ವರ್ಷದ ಹಳೇ ತುಕಡಿ! ಮತ್ತ ಈ ರಟ್ಟು ನೋಡ್ರಿ, ನಮ್ಮ ಚಾದರದ್ದು. ಗಾಡಿ ತುಂಬ ಚಾದರ ಇದ್ವು. ಹರದು ಕತ್ತರಿಸಾಕ ತುಕಾರಾಮಗ ಎಷ್ಟೊತ್ತು ಬೇಕು?”

“ತುಕಾರಾಮ ಮಾಮಾಗ ಸ್ಟೆಪ್ನಿ ಬದಲಾಯಿಸಾಕ ಬರತದ, ಪ್ಯಾಕಿಂಗ್ ಕತ್ತರಿಸಾಕ ಬರಂಗಿಲ್ಲ!” ಗುರುಸಿದ್ಧನ ದನಿ ತಗಡಿಗೆ ಬಡಿಯಿತು. “ರಟ್ಟು ನಿಮ್ಮ ಅಂಗಡ್ಯಾಗೂ ಇರತದ, ಗೋದಾಮಿನ್ಯಾಗೂ ಇರತದ. ಮಾಮಾನ ಹೆಸರೊಂದೇ ಹೆಂಗ ನೆನಪಾತು ನಿಮಗ?”

“ಏ, ಯಾರ ಮುಂದ ಮಾತಾಡಾಕತ್ತಿ? ನಮ್ಮಪ್ಪ ಕಳದುಹೋಗ್ಯಾನ ಇಲ್ಲಿ!”

ಹಾಗೆನ್ನುವಾಗ ನಿತಿನನ ದನಿ ಒಡೆಯಿತು. ಕಣ್ಣಂಚು ಒದ್ದೆಯಾದದ್ದು ಸುಳ್ಳಿನಂತೆ ಕಾಣಲಿಲ್ಲ. ಗುರುಸಿದ್ಧನಿಗೆ ಅದು ಇನ್ನಷ್ಟು ಗೊಂದಲವಾಯಿತು.

“ಬಿಲ್ ಬರೋಬರ ಅದ,” ಎಂದಳು ಸೋನಾಲಿ ಮೊಬೈಲು ತಿರುಗಿಸಿ ಕೊಡುತ್ತ. ಅವಳ ಮುಖ ಗಟ್ಟಿಯಾಗಿತ್ತು. “ಹೊಸಾದು ಹೋಗಿ ಹಳೇದು ಬಂದದ ಅಂದ್ರ ಕೈಯಿಂದ ಮಾಡಿದ್ದೇ. ಕೀಲಿ ತುಕಾರಾಮನ ಹಂತ್ಯಾಕ ಇರತದ. ಆಕಾಶ, ಕಾಗದ ತಯಾರ ಮಾಡು.”

ಟೈರಿನ ಮೇಲಿದ್ದ ಗಂಗುಬಾಯಿ ಎದ್ದು ನಿಂತಳು. ರೊಟ್ಟಿಯ ಗಂಟು ನೆಲಕ್ಕೆ ಬಿತ್ತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ.

ಗುರುಸಿದ್ಧ ನೆಟ್ಟಗೆ ಶೆಡ್ಡಿನೊಳಗೆ ಹೋದ. ಡಾಲ್ಡಾ ಡಬ್ಬಿಯನ್ನು ನೆಲಕ್ಕೆ ಸುರಿದ. ನಟ್ಟು, ವಾಷರುಗಳ ನಡುವಿನಿಂದ ಹೊಳೆಯುವ ಒಂದು ವಾಲ್ವ್ ಆರಿಸಿ ತಂದು, ತಂತಿಗೂ ಕಟ್ಟದೆ, ಮರಳುವ ಪಾತೇಲಿಯೊಳಗೆ ಬಿಟ್ಟ. ಎಲ್ಲರ ಕಣ್ಣೆದುರು ಅದು ಹಕ್ಕಿಮರಿಯ ಹಾಗೆ ಬಾಯಿ ತೆರೆಯಿತು.

“ಬಿಲ್ಲಿನ ಮ್ಯಾಲಿನ ನಂಬರ ಇದರ ಮ್ಯಾಲ ಅದ. ನೋಡ್ಕೋರಿ,” ಎಂದ. “ಹೊಸಾ ವಾಲ್ವ್ ಇದೇ. ಹತ್ತು ದಿನದ ಹಿಂದ ನಾನೇ ಕಿತ್ತೀನಿ. ಮಾಮಾ ಗಾಡಿ ಇಲ್ಲಿಗೆ ತಂದಿದ್ದಾ. ಚೂಕ ನಂದು. ಕಿತ್ತದ್ದೂ ನಂದು, ತಪ್ಪಾಗ್ಯದ ಅಂತ ಗೊತ್ತಾದ ಮ್ಯಾಲ ಫೋನ್ ಮಾಡದೇ ಇದ್ದದ್ದೂ ನಂದು. ಮಾಮಾ ನನ್ನ ಹೆಸರು ಮುಚ್ಚಿಟ್ಟಾನ. ಇಲ್ಲಿಂದ ಗಾಡಿ ಹೋದಾಗ ಆ ಬಾಯಿ ಖಾಲಿ ಇತ್ತು. ಆ ಸತ್ತ ವಾಲ್ವ್ ಆಮ್ಯಾಲ ಯಾರೋ ಇಟ್ಟಾರ.”

ಕಿಸಕ್ಕೆಂದಿದ್ದ ಡ್ರೈವರು ನೆಲ ನೋಡುತ್ತಿದ್ದ.

ಮೊದಲು ನಕ್ಕವನು ನಿತಿನ. “ಕೇಳಿದ್ರೇನು ಮೇಡಂ? ಒಬ್ಬ ಕಿತ್ತಾನ, ಒಬ್ಬ ಇಟ್ಟಾನ. ಇಬ್ಬರೂ ಕೂಡೇ ಮಾಡ್ಯಾರ!”

“ಗುರುಸಿದ್ಧ,” ಎಂದಳು ಸೋನಾಲಿ. ಟ್ರ್ಯಾಕ್ಟರು ಹಿಡಿದುಕೊಟ್ಟವನನ್ನು ಕರೆಯುವ ದನಿ ಅದಾಗಿರಲಿಲ್ಲ. “ನೀ ಈಗ ತುಕಾರಾಮನ್ನ ಬಿಡಸಲಿಲ್ಲ. ಅವನ ಬಾಜೂಕ ನಿನ್ನನ್ನೂ ನಿಲ್ಲಿಸಿದಿ. ನೀನೂ ಅಲ್ಲ, ಅವನೂ ಅಲ್ಲ ಅಂದ್ರ ಮೂರನೇ ಕೈ ಬೇಕು ನನಗ. ಯಾರದು?”

ಗುರುಸಿದ್ಧ ಬಾಯಿ ತೆರೆದ. ಎಡಗೈಯಲ್ಲಿ ಸುತ್ತಿಗೆ ಹಿಡಿದು, ರಟ್ಟಿನ ಮೇಲೆ ಬಗ್ಗಿ, ತಟ್ಟುತ್ತ ತಟ್ಟುತ್ತ ಹಾಡು ಗುನುಗುವ ಒಬ್ಬ ಮನುಷ್ಯ ಕಣ್ಣ ಮುಂದೆ ಬಂದ. “ಗೊತ್ತಿಲ್ಲ ನನಗ.”

“ತಮ್ಮಾ.”

ಗಂಗುಬಾಯಿ ಹತ್ತಿರ ಬಂದಿದ್ದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕುರಿ ಎಣಿಸುವಾಗ ಒಂದು ಕಡಿಮೆ ಬಿದ್ದರೆ ಇನ್ನೊಮ್ಮೆ ಎಣಿಸುವವರ ದನಿ.

“ಆ ಕಾಗದದ ಬಳೆ ಎತ್ತಿದಾಗ ಅದರದೊಂದು ಚೂರು ಹರದು ಅಂಗಿ ಕಿಸೆದಾಗ ಹಾಕ್ಕೊಂಡಿ. ನಾ ಇಲ್ಲೇ ಕುಂತು ನೋಡೀನಿ. ಯಾರನ್ನ ಮುಚ್ಚಾಕತ್ತಿಯಪ್ಪಾ, ನನ್ನ ಗಂಡನ್ನ ಒಳಗ ಹಾಕಿ?”

ಸೋನಾಲಿ ಅವನ ಕಿಸೆಯನ್ನು ನೋಡಿದಳು. ನಿತಿನ ನೋಡಿದ. ನಿತಿನನ ಮುಖದ ಬಣ್ಣ ಇಳಿದದ್ದನ್ನು ಗುರುಸಿದ್ಧನೊಬ್ಬನೇ ಕಂಡ.

ಅವನ ಕೈ ಎದೆಯ ಹತ್ತಿರ ಹೋಗಿ ಕಿಸೆಯನ್ನು ಗಟ್ಟಿಯಾಗಿ ಮುಚ್ಚಿಕೊಂಡಿತು. ಪಾನಾವನ್ನು ಸ್ಟೂಲಿನ ಮೇಲೆ, ಸೋನಾಲಿಯ ಟೋಪಿಯ ಪಕ್ಕ, ಸಪ್ಪಳವಾಗದಂತೆ ಇಟ್ಟ. ಆಮೇಲೆ ತಿರುಗಿದ.

“ಗುರುಸಿದ್ಧ! ನಿಲ್ಲು!”

ಆಕಾಶ ಮುಂದೆ ಜಿಗಿದ. ಸೋನಾಲಿ ಕೈ ಅಡ್ಡ ಹಿಡಿದಳು. “ಬಿಡು. ಎಲ್ಲಿಗೆ ಹೋಗ್ತಾನ ನೋಡೂಣು.”

ಗುರುಸಿದ್ಧ ತಗಡಿನ ನೆರಳು ದಾಟಿ ಬಿಸಿಲಿಗೆ ಇಳಿದ. ನಿಲ್ದಾಣದಲ್ಲಿ ಕಂಡಕ್ಟರು ಸೊಲ್ಲಾಪುರ, ಸೊಲ್ಲಾಪುರ ಎಂದು ಕೂಗುತ್ತಿದ್ದ. ಹಿಂದೆ ಗಂಗುಬಾಯಿ ಅದೇ ಮಾತನ್ನು ಮತ್ತೆ ಕೇಳಿದಳು, ಈ ಸಲ ಮಂದಿಗೆಲ್ಲ ಕೇಳುವಂತೆ. ಅವನು ಉಸ್ತಾದರ ಊರಿನ ಆ ಬಸ್ಸಿನತ್ತ ನಡೆಯುತ್ತಲೇ ಹೋದ.